ತೀವ್ರ ನಿಗಾ ಘಟಕದಲ್ಲಿ ಮುನ್ನಂದಾಜು ಮತ್ತು ತೊಡಕುಗಳ ನಿರ್ವಹಣೆ: ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರಿಗೆ ಸಮಗ್ರ ಮಾರ್ಗದರ್ಶಿ

ಐಸಿಯುವಿನಲ್ಲಿ ಕೆಲಸ ಆರಂಭಿಸಿದ ಕಿರಿಯ ವೈದ್ಯರಿಗೆ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆ, "ಡಾಕ್ಟರೇ, ಉಳಿಯುತ್ತಾರಾ?" ಎಂಬುದು. ಬಾಗಿಲಾಚೆ ರಾತ್ರಿಯಿಡೀ ಕುಳಿತಿದ್ದ ಮಗಳೋ ಗಂಡನೋ ಹೀಗೆ ಕೇಳಿದಾಗ "ನೋಡೋಣ" ಎಂದು ಜಾರಿಕೊಳ್ಳುವುದು ಸುಲಭ, ಯಾವುದೋ ಅಂಕಪಟ್ಟಿಯಿಂದ ಒಂದು ಶೇಕಡಾವಾರು ಎತ್ತಿ ಹೇಳುವುದು ಇನ್ನೂ ಸುಲಭ. ಎರಡರಿಂದಲೂ ರೋಗಿಗೆ ಉಪಕಾರವಿಲ್ಲ. ಮುನ್ನಂದಾಜು ಎಂಬುದು ದಾಖಲಾದ ದಿನ ಬರೆದು ಮುಚ್ಚಿಡುವ ತೀರ್ಪಲ್ಲ. ದಿನವೂ ತಿದ್ದಬೇಕಾದ ಲೆಕ್ಕ. ಮುಂದಿನ ತೊಡಕು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಅದು ಬರುವ ಮೊದಲೇ ತೋರಿಸಿಕೊಡುವುದು ಆ ಲೆಕ್ಕದ ಮುಖ್ಯ ಉಪಯೋಗ. ಈ ಬರಹ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿರುವ ವೈದ್ಯರು ಮತ್ತು ನರ್ಸ್‌ಗಳಿಗಾಗಿ. ನಿಮ್ಮ ಘಟಕದ ನಿಯಮಾವಳಿಗೆ ಇದು ಬದಲಿಯಲ್ಲ.

ಮೊದಲ ಹೆಜ್ಜೆ: ಈ ವ್ಯಕ್ತಿ ಎರಡು ವಾರದ ಹಿಂದೆ ಹೇಗಿದ್ದರು?

ಅಂಕಗಳನ್ನು ಕೂಡಿಸುವ ಮೊದಲು ಮನೆಯವರ ಜೊತೆ ಐದು ನಿಮಿಷ ಕುಳಿತುಕೊಳ್ಳಿ. ರೋಗಿ ತಾವೇ ಸ್ನಾನ ಮಾಡುತ್ತಿದ್ದರೇ, ಮೆಟ್ಟಿಲು ಹತ್ತುತ್ತಿದ್ದರೇ, ಔಷಧಿಯನ್ನು ತಾವೇ ನೆನಪಿಟ್ಟು ತೆಗೆದುಕೊಳ್ಳುತ್ತಿದ್ದರೇ, ಕಳೆದ ಆರು ತಿಂಗಳಲ್ಲಿ ತೂಕ ಇಳಿದಿತ್ತೇ ಎಂದು ಕೇಳಿ. ಕಾಯಿಲೆ ಬರುವ ಮೊದಲಿನ ಈ ಸ್ಥಿತಿಯನ್ನು ಅಳೆಯಲು 1 ರಿಂದ 9 ರವರೆಗಿನ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಇದೆ. ಅದರಲ್ಲಿ 5 ಅಥವಾ ಹೆಚ್ಚು ಬಂದವರನ್ನು ದೇಹ ಸೊರಗಿದವರೆಂದು ಪರಿಗಣಿಸುತ್ತಾರೆ. ಹಾಸಿಗೆಯ ಮೇಲೆ ಇಂದು ಕಾಣುತ್ತಿರುವ ಸ್ಥಿತಿಗೆ ಅಂಕ ಕೊಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ವೆಂಟಿಲೇಟರ್ ಮೇಲಿರುವ ಎಲ್ಲರೂ ದುರ್ಬಲರಾಗಿಯೇ ಕಾಣುತ್ತಾರೆ. ವಯಸ್ಸೊಂದನ್ನೇ ನೋಡಿ ತೀರ್ಮಾನಿಸುವುದಕ್ಕಿಂತ ಈ ಐದು ನಿಮಿಷದ ಮಾತುಕತೆ ಹೆಚ್ಚು ತಿಳಿಸುತ್ತದೆ ಎಂಬುದು ನನ್ನ ಅನುಭವ. ಎಪ್ಪತ್ತೆಂಟು ವಯಸ್ಸಿನ, ದಿನವೂ ನಡೆದಾಡುತ್ತಿದ್ದ ಒಬ್ಬರು ಚೇತರಿಸಿಕೊಂಡು ಹೋಗುವುದನ್ನೂ, ಐವತ್ತೈದರ, ಹಾಸಿಗೆ ಹಿಡಿದಿದ್ದ ಇನ್ನೊಬ್ಬರು ಸೋಲುವುದನ್ನೂ ಒಂದೇ ವಾರದಲ್ಲಿ ಕಾಣಬಹುದು.

ಎರಡನೇ ಹೆಜ್ಜೆ: ಮೊದಲ ಗಂಟೆ ಚಿಕಿತ್ಸೆಗೆ, ಲೆಕ್ಕ ಅದರ ನಂತರ

ಉಸಿರಾಟದ ದಾರಿ, ಉಸಿರಾಟ, ರಕ್ತಪರಿಚಲನೆ, ಪ್ರಜ್ಞೆ ಎಂಬ ಕ್ರಮ ಇಲ್ಲಿಯೂ ಬದಲಾಗುವುದಿಲ್ಲ. ಸೆಪ್ಟಿಕ್ ಶಾಕ್ (ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸ್ಥಿತಿ) ಎಂಬ ಅನುಮಾನವಿದ್ದರೆ ಕಲ್ಚರ್‌ಗೆ ರಕ್ತ ತೆಗೆದು, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಬೇಕು. ಮೀನ್ ರಕ್ತದೊತ್ತಡ 65 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿಯದಂತೆ ದ್ರವವನ್ನೂ ರಕ್ತನಾಳ ಬಿಗಿಯಾಗಿಸುವ ನಾರ್‌ಅಡ್ರಿನಲಿನ್ ಅನ್ನೂ ಬಳಸಬೇಕು. ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಆಗಿಲ್ಲವೆಂದು ನಾರ್‌ಅಡ್ರಿನಲಿನ್ ತಡಮಾಡುವುದು ಬೇಡ. ದೊಡ್ಡದೊಂದು ಕೈನರದಲ್ಲಿ, ಸೂಜಿಯ ಜಾಗದ ಮೇಲೆ ಕಣ್ಣಿಟ್ಟು, ಸ್ವಲ್ಪ ಕಾಲ ಓಡಿಸಬಹುದು.

ಬೆರಳಿನಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಅರೆಬರೆ ಮಾಡುವವರೇ ಹೆಚ್ಚು. ರೋಗಿಯ ತೋರುಬೆರಳಿನ ತುದಿಯ ಒಳಭಾಗದ ಮೇಲೆ ಗಾಜಿನ ಸ್ಲೈಡ್ ಇಟ್ಟು, ಚರ್ಮ ಬಿಳಿಚಿಕೊಳ್ಳುವವರೆಗೆ ಒತ್ತಿ, ಹತ್ತು ಸೆಕೆಂಡು ಹಾಗೆಯೇ ಹಿಡಿಯಿರಿ. ಬಿಟ್ಟ ಕ್ಷಣದಿಂದ ಗಡಿಯಾರ ನೋಡಿಕೊಂಡು, ಮೊದಲಿನ ಬಣ್ಣ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸಿ. ಮೂರು ಸೆಕೆಂಡಿಗಿಂತ ಹೆಚ್ಚಾದರೆ ಅಂಗಾಂಶಗಳಿಗೆ ರಕ್ತ ಸಾಕಷ್ಟು ತಲುಪುತ್ತಿಲ್ಲ ಎಂದು ಶಂಕಿಸಬೇಕು. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಪ್ರಯೋಗದಲ್ಲಿ ಚಿಕಿತ್ಸೆಯ ಗುರಿಯಾಗಿ ಬಳಸಿದ್ದು ಇದೇ ವಿಧಾನವನ್ನು, ಮತ್ತು ರಕ್ತದ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಏರುವ ವಸ್ತು) ಅನ್ನು ಗುರಿಯಾಗಿಟ್ಟುಕೊಂಡ ಚಿಕಿತ್ಸೆಗೆ ಹೋಲಿಸಿದರೆ ಅದರ ಫಲ ಕಡಿಮೆಯೇನೂ ಆಗಿರಲಿಲ್ಲ. ಬೆರಳು ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿಕೊಳ್ಳಿ. ಲ್ಯಾಕ್ಟೇಟ್ 2 ಮಿಲಿಮೋಲ್‌ಗಿಂತ ಹೆಚ್ಚಿದ್ದರೆ ಎರಡರಿಂದ ನಾಲ್ಕು ಗಂಟೆಯೊಳಗೆ ಮತ್ತೆ ನೋಡಿ. ಮೊದಲ ಅಂಕಿಗಿಂತ ಅದು ಇಳಿಯುತ್ತಿದೆಯೇ ಎಂಬುದು ಮುಖ್ಯ. ಅಡ್ರಿನಲಿನ್ ಓಡುತ್ತಿದ್ದರೆ ಅಥವಾ ಯಕೃತ್ತು ಸೋತಿದ್ದರೆ ರಕ್ತ ಚೆನ್ನಾಗಿ ತಲುಪುತ್ತಿದ್ದರೂ ಲ್ಯಾಕ್ಟೇಟ್ ಏರಿಯೇ ಇರಬಹುದು ಎಂಬುದು ನೆನಪಿರಲಿ.

ಮೂರನೇ ಹೆಜ್ಜೆ: ಅಂಕಪಟ್ಟಿಯನ್ನು ಸರಿಯಾಗಿ ತುಂಬುವುದು

ಅಪಾಚೆ-2 ಎಂಬ ಪಟ್ಟಿ 1985ರಿಂದ ಬಳಕೆಯಲ್ಲಿದೆ. ದಾಖಲಾದ ಮೊದಲ 24 ಗಂಟೆಯಲ್ಲಿ 12 ಮಾಪನಗಳ ಅತಿ ಕೆಟ್ಟ ಬೆಲೆಯನ್ನು ತೆಗೆದುಕೊಂಡು, ವಯಸ್ಸು ಮತ್ತು ದೀರ್ಘಕಾಲದ ಕಾಯಿಲೆಗಳ ಅಂಕ ಸೇರಿಸಿದರೆ 0 ರಿಂದ 71 ರವರೆಗಿನ ಮೊತ್ತ ಸಿಗುತ್ತದೆ. ಸ್ಯಾಪ್ಸ್-2 ಕೂಡ ಮೊದಲ ದಿನದ್ದೇ ಚಿತ್ರ ಕೊಡುತ್ತದೆ. ಇವೆರಡೂ ಹುಟ್ಟಿದ್ದು ರೋಗಿಗಳ ಗುಂಪುಗಳನ್ನು ಹೋಲಿಸಲು, ಒಂದು ಘಟಕದಲ್ಲಿ ನಿರೀಕ್ಷೆಗಿಂತ ಹೆಚ್ಚು ಸಾವಾಗುತ್ತಿದೆಯೇ ಎಂದು ತಿಳಿಯಲು. ನಲವತ್ತು ಶೇಕಡಾ ಅಪಾಯ ಎಂದರೆ ಅಂಥ ನೂರು ಜನರಲ್ಲಿ ಸುಮಾರು ನಲವತ್ತು ಜನ ಸಾಯಬಹುದು ಎಂದಷ್ಟೇ ಅರ್ಥ. ನಿಮ್ಮ ಮುಂದಿರುವವರು ಆ ನಲವತ್ತರಲ್ಲಿ ಒಬ್ಬರೋ ಉಳಿದ ಅರವತ್ತರಲ್ಲಿ ಒಬ್ಬರೋ ಎಂಬುದನ್ನು ಪಟ್ಟಿ ಹೇಳಲಾರದು. ಮೇಲಾಗಿ, ದಶಕಗಳ ಹಿಂದಿನ ರೋಗಿಗಳ ಮೇಲೆ ಕಟ್ಟಿದ ಸೂತ್ರ ಇಂದಿನ ಚಿಕಿತ್ಸೆಯ ಕಾಲದಲ್ಲಿ ಸಾವಿನ ಅಪಾಯವನ್ನು ಹೆಚ್ಚಾಗಿ ತೋರಿಸುವ ಸಾಧ್ಯತೆಯಿದೆ.

ದಿನನಿತ್ಯದ ಕೆಲಸಕ್ಕೆ ನನ್ನ ಆಯ್ಕೆ, ಅಂಗಗಳು ಎಷ್ಟು ಸೋತಿವೆ ಎಂದು ಅಳೆಯುವ ಸೋಫಾ ಎಂಬ ಅಂಕಪಟ್ಟಿ. 1996ರಲ್ಲಿ ಪ್ರಕಟವಾದ ಅದರ ಮೂಲ ರೂಪದಲ್ಲಿ ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಮಿದುಳು, ಮೂತ್ರಪಿಂಡ ಎಂಬ ಆರು ವ್ಯವಸ್ಥೆಗಳಿಗೆ ತಲಾ 0 ರಿಂದ 4 ಅಂಕ, ಒಟ್ಟು 24. ಸೋಂಕಿರುವವರಲ್ಲಿ ಇದು ಮೊದಲಿನ ಮಟ್ಟಕ್ಕಿಂತ 2 ಅಥವಾ ಹೆಚ್ಚು ಏರಿದರೆ ಅದನ್ನು ಸೆಪ್ಸಿಸ್ ಎನ್ನಬೇಕೆಂದು 2016ರ ವ್ಯಾಖ್ಯೆ ಹೇಳುತ್ತದೆ.

ತುಂಬುವಾಗ ಎರಡು ಕಡೆ ಎಚ್ಚರ ಬೇಕು. ನಿದ್ರೆಯ ಔಷಧಿ ಓಡುತ್ತಿರುವಾಗ ಪ್ರಜ್ಞೆಯನ್ನು 3 ರಿಂದ 15 ರವರೆಗೆ ಅಳೆಯುವ ಗ್ಲಾಸ್ಗೋ ಕೋಮಾ ಅಂಕವನ್ನು 3 ಎಂದು ಬರೆದುಬಿಟ್ಟರೆ ಮಿದುಳಿನ ಅಂಕ ಸುಳ್ಳಾಗುತ್ತದೆ. ಔಷಧಿ ಶುರುವಾಗುವ ಮೊದಲಿನ ಅಂಕವನ್ನು ಬಳಸಿ, ಹಾಗೆ ಬಳಸಿದ್ದೀರೆಂದು ಪಕ್ಕದಲ್ಲಿ ಬರೆಯಿರಿ. ಇನ್ನೊಂದು, ಮಾಡಿಸದ ಪರೀಕ್ಷೆಯನ್ನು ಸಹಜವೆಂದು ಎಣಿಸುವ ರೂಢಿ. ಬಿಲಿರುಬಿನ್ ಮೂರು ದಿನದಿಂದ ನೋಡಿಲ್ಲದಿದ್ದರೆ ಯಕೃತ್ತಿನ ಸೊನ್ನೆಗೆ ಅರ್ಥವಿಲ್ಲ.

ನಾಲ್ಕನೇ ಹೆಜ್ಜೆ: ಮೊತ್ತವನ್ನು ಬಿಡಿಸಿ ಓದುವುದು

ಈ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ, ಆದ್ದರಿಂದ ಒಂದು ಕಲ್ಪಿತ ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸುತ್ತೇನೆ. ನ್ಯುಮೋನಿಯಾದಿಂದ ಶಾಕ್‌ಗೆ ಹೋದ, ವೆಂಟಿಲೇಟರ್ ಮೇಲಿರುವ ರೋಗಿಯೊಬ್ಬರಿದ್ದಾರೆ ಎಂದುಕೊಳ್ಳಿ. ಮೊದಲ ದಿನ 60 ಶೇಕಡಾ ಆಮ್ಲಜನಕದಲ್ಲಿ ರಕ್ತದ ಆಮ್ಲಜನಕದ ಒತ್ತಡ 78, ಅಂದರೆ 78 ಅನ್ನು 0.6ರಿಂದ ಭಾಗಿಸಿದರೆ ಪಿ-ಎಫ್ ಅನುಪಾತ 130: ಅಂಕ 3. ಪ್ಲೇಟ್‌ಲೆಟ್ 1,40,000: ಅಂಕ 1. ಬಿಲಿರುಬಿನ್ 1.0: ಅಂಕ 0. ನಾರ್‌ಅಡ್ರಿನಲಿನ್ ನಿಮಿಷಕ್ಕೆ ಕೆ.ಜಿ.ಗೆ 0.2 ಮೈಕ್ರೋಗ್ರಾಂ: ಅಂಕ 4. ನಿದ್ರೆಗೆ ಮುಂಚಿನ ಗ್ಲಾಸ್ಗೋ 14: ಅಂಕ 1. ಮೂತ್ರಪಿಂಡದ ಅಳತೆಯಾದ ಕ್ರಿಯಾಟಿನಿನ್ 2.2: ಅಂಕ 2. ಒಟ್ಟು 11.

ಮೂರನೇ ದಿನ ಪಿ-ಎಫ್ 220 ಆಗಿ ಅಂಕ 2ಕ್ಕೆ ಇಳಿದಿದೆ. ನಾರ್‌ಅಡ್ರಿನಲಿನ್ 0.05ಕ್ಕೆ ಬಂದು ಅಂಕ 3, ಕ್ರಿಯಾಟಿನಿನ್ 1.8 ಆಗಿ ಅಂಕ 1. ಮಿದುಳಿನದು 1 ಹಾಗೆಯೇ ಇದೆ. ಆದರೆ ಪ್ಲೇಟ್‌ಲೆಟ್ 90,000ಕ್ಕೆ ಕುಸಿದು ಅಂಕ 2, ಬಿಲಿರುಬಿನ್ 1.4 ಆಗಿ ಅಂಕ 1. ಒಟ್ಟು 10. ಹನ್ನೊಂದರಿಂದ ಹತ್ತು ಎಂದು ಓದಿದವರು "ಹೆಚ್ಚೇನೂ ಬದಲಾವಣೆಯಿಲ್ಲ" ಎಂದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಬಿಡಿಸಿ ಓದಿದವರಿಗೆ ಎರಡು ಬೇರೆ ಕಥೆಗಳು ಕಾಣುತ್ತವೆ. ಶ್ವಾಸಕೋಶ, ರಕ್ತಪರಿಚಲನೆ, ಮೂತ್ರಪಿಂಡ ಮೂರೂ ಚೇತರಿಸಿಕೊಳ್ಳುತ್ತಿವೆ, ಅಂದರೆ ಮೂಲ ಸೋಂಕಿಗೆ ಕೊಟ್ಟ ಚಿಕಿತ್ಸೆ ಹಿಡಿಯುತ್ತಿದೆ. ಅದೇ ಹೊತ್ತಿಗೆ ಪ್ಲೇಟ್‌ಲೆಟ್ ಮತ್ತು ಬಿಲಿರುಬಿನ್ ಹೊಸದಾಗಿ ಕೆಡುತ್ತಿವೆ. ಸೆಪ್ಸಿಸ್‌ನಿಂದಲೇ ಬಂದ ತಡವಾಗಿ ಕಾಣಿಸಿಕೊಂಡ ಏರಿಳಿತವೇ, ರಕ್ತದೊಳಗೆ ವ್ಯಾಪಕವಾಗಿ ಹೆಪ್ಪುಗಟ್ಟುತ್ತಿದೆಯೇ, ಔಷಧಿಯೊಂದರ ಪರಿಣಾಮವೇ, ಲೈನ್‌ನಲ್ಲಿ ಎರಡನೇ ಸೋಂಕೇ ಎಂದು ಅಂದೇ ಹುಡುಕಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿಯುವುದು ಸಾಮಾನ್ಯವಾಗಿ ಐದರಿಂದ ಹತ್ತನೇ ದಿನದ ನಡುವೆ. ಮೂರನೇ ದಿನವೇ ಕುಸಿದರೆ ಇತ್ತೀಚೆಗೆ ಎಂದಾದರೂ ಹೆಪಾರಿನ್ ಪಡೆದಿದ್ದರೇ ಎಂದು ಹಳೆಯ ಕಡತ ತೆಗೆದು ನೋಡಬೇಕು.

ದಿಕ್ಕಿನ ಮಹತ್ವಕ್ಕೆ ಹಳೆಯ ಆಧಾರವೂ ಇದೆ. 2001ರಲ್ಲಿ ಪ್ರಕಟವಾದ ಬ್ರಸೆಲ್ಸ್‌ನ ಅಧ್ಯಯನವೊಂದರಲ್ಲಿ, ಮೊದಲ 48 ಗಂಟೆಯಲ್ಲಿ ಸೋಫಾ ಏರಿದವರಲ್ಲಿ ಆರಂಭದ ಅಂಕ ಎಷ್ಟೇ ಇದ್ದರೂ ಕನಿಷ್ಠ ಅರ್ಧದಷ್ಟು ಜನ ಸತ್ತಿದ್ದರು. ಆ ಪ್ರಮಾಣವನ್ನು ಇಂದಿನ ರೋಗಿಗೆ ಹಾಗೆಯೇ ಅಂಟಿಸಬಾರದು, ಆದರೆ ಏರುತ್ತಿರುವ ಅಂಕವನ್ನು ನೋಡಿಯೂ ಚಿಕಿತ್ಸೆಯನ್ನು ಮರುಪರಿಶೀಲಿಸದೆ ಬಿಡಲೂಬಾರದು.

ಐದನೇ ಹೆಜ್ಜೆ: ತೊಡಕನ್ನು ಬಾಗಿಲಲ್ಲೇ ತಡೆಯುವುದು

ಶ್ವಾಸಕೋಶದಿಂದ ಶುರುಮಾಡೋಣ. ವೆಂಟಿಲೇಟರ್ ಜೀವ ಉಳಿಸುತ್ತದೆ, ತಪ್ಪಾಗಿ ಹೊಂದಿಸಿದರೆ ಅದೇ ಶ್ವಾಸಕೋಶವನ್ನು ಹರಿಯುತ್ತದೆ. ತೀವ್ರ ಶ್ವಾಸಕೋಶ ಹಾನಿಯಾದವರ ಮೇಲೆ ನಡೆದ 2000ನೇ ಇಸವಿಯ ಆರ್ಡ್ಸ್‌ನೆಟ್ ಪ್ರಯೋಗದಲ್ಲಿ ಉಸಿರಿನ ಗಾತ್ರವನ್ನು ಕೆ.ಜಿ.ಗೆ 12 ಮಿಲಿಯಿಂದ 6 ಮಿಲಿಗೆ ಇಳಿಸಿದ್ದರಿಂದಲೇ ಸಾವು ಶೇಕಡಾ 39.8ರಿಂದ 31ಕ್ಕೆ ಇಳಿಯಿತು. ಇಲ್ಲಿ ಕೆ.ಜಿ. ಎಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ: ಸೆಂಟಿಮೀಟರ್ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, ಗಂಡಸರಿಗೆ 50, ಹೆಂಗಸರಿಗೆ 45.5 ಕೂಡಿಸಬೇಕು. 160 ಸೆಂ.ಮೀ. ಎತ್ತರದ, 85 ಕೆ.ಜಿ. ತೂಗುವ ಮಹಿಳೆಗೆ ಇದು ಸುಮಾರು 52.4 ಕೆ.ಜಿ., ಹಾಗಾಗಿ ಉಸಿರಿನ ಗಾತ್ರ ಸುಮಾರು 315 ಮಿಲಿ. ತಕ್ಕಡಿಯ ತೂಕ ನಂಬಿದರೆ 510 ಮಿಲಿ ಕೊಟ್ಟುಬಿಡುತ್ತೀರಿ. ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ; ಅಳತೆಯ ಪಟ್ಟಿ ಹಿಡಿದು, ಮಲಗಿದ್ದಲ್ಲೇ ತಲೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ. ಪ್ಲಾಟೋ ಒತ್ತಡ (ಉಸಿರು ಒಳಗೆ ಹೋಗಿ ನಿಂತ ಕ್ಷಣದ ಶ್ವಾಸಕೋಶದ ಒತ್ತಡ) 30 ಸೆಂ.ಮೀ. ನೀರಿಗಿಂತ ಕೆಳಗಿರಲಿ. ಚಿಕಿತ್ಸೆ ಸರಿಹೊಂದಿಸಿದ ಮೇಲೂ ಪಿ-ಎಫ್ 150ಕ್ಕಿಂತ ಕೆಳಗೇ ಉಳಿದರೆ ದಿನಕ್ಕೆ ಕನಿಷ್ಠ 16 ಗಂಟೆ ಬೋರಲಾಗಿ ಮಲಗಿಸುವುದನ್ನು ಮುಂದೂಡಬಾರದು. 2013ರ ಪ್ರೊಸೇವಾ ಪ್ರಯೋಗದಲ್ಲಿ ಇದರಿಂದ 28 ದಿನದೊಳಗಿನ ಸಾವು ಅರ್ಧದಷ್ಟಕ್ಕೆ ಇಳಿದಿತ್ತು.

ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾವನ್ನು ತಡೆಯುವ ಕೆಲಸ ಬಹುಮಟ್ಟಿಗೆ ನರ್ಸ್‌ಗಳ ಕೈಯಲ್ಲಿದೆ. ತಲೆಯ ಭಾಗ 30 ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಉಸಿರಿನ ಕೊಳವೆಯ ಸುತ್ತಲಿನ ಗಾಳಿಚೀಲದ (ಕಫ್) ಒತ್ತಡ 20 ರಿಂದ 30 ಸೆಂ.ಮೀ. ನೀರಿನ ನಡುವೆ ಇರಬೇಕು, ಹಲ್ಲು ಮತ್ತು ಬಾಯಿಯನ್ನು ಬ್ರಷ್‌ನಿಂದ ಶುಚಿಗೊಳಿಸಬೇಕು. ಬಾಯಿಗೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದನ್ನು 2022ರ ಅಮೆರಿಕದ ಮಾರ್ಗಸೂಚಿ ಕೈಬಿಡಲು ಹೇಳಿದೆ. ಹೊಸ ಜ್ವರ, ಕೀವಿನಂಥ ಕಫ, ಎಕ್ಸ್‌ರೇಯಲ್ಲಿ ಹೊಸ ನೆರಳು, ಏರುತ್ತಿರುವ ಆಮ್ಲಜನಕದ ಬೇಡಿಕೆ ಒಟ್ಟಿಗೆ ಬಂದರೆ ಕಫದ ಮಾದರಿ ಕಳಿಸಿ ಚಿಕಿತ್ಸೆ ಆರಂಭಿಸಿ, ಫಲಿತಾಂಶ ಬಂದ ದಿನ ಆಂಟಿಬಯೋಟಿಕ್ ಅನ್ನು ಕಿರಿದುಗೊಳಿಸುವ ಧೈರ್ಯವೂ ಇರಲಿ.

ಸೆಂಟ್ರಲ್ ಲೈನ್ ಸೋಂಕಿನ ವಿಷಯದಲ್ಲಿ ದುಬಾರಿ ಉಪಕರಣ ಬೇಕಿಲ್ಲ. ಅಮೆರಿಕದ ಮಿಚಿಗನ್‌ನ ಐಸಿಯುಗಳು ಕೈತೊಳೆಯುವುದು, ಲೈನ್ ಹಾಕುವಾಗ ಪೂರ್ಣ ಶುದ್ಧ ಹೊದಿಕೆ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್, ಸಾಧ್ಯವಾದಷ್ಟು ತೊಡೆಯ ರಕ್ತನಾಳ ಬಿಡುವುದು, ಬೇಡವಾದ ಲೈನ್ ತೆಗೆಯುವುದು ಎಂಬ ಐದೇ ನಿಯಮಗಳಿಂದ ಸಾವಿರ ಲೈನ್-ದಿನಗಳಿಗೆ 2.7 ಇದ್ದ ಮಧ್ಯಾಂಕ ಸೋಂಕಿನ ದರವನ್ನು ಮೂರು ತಿಂಗಳಲ್ಲಿ ಸೊನ್ನೆಗೆ ತಂದವು. ಅದು 2006ರಲ್ಲಿ ಪ್ರಕಟವಾಯಿತು. ರೌಂಡ್ಸ್‌ನಲ್ಲಿ ದಿನವೂ ಜೋರಾಗಿ ಕೇಳಿ: "ಈ ಲೈನ್ ಇವತ್ತು ಯಾಕೆ ಬೇಕು?" ಉತ್ತರ ಬರದಿದ್ದರೆ ಅಂದೇ ತೆಗೆಯಿರಿ. ಮೂತ್ರದ ಕ್ಯಾಥೆಟರ್‌ಗೂ ಇದೇ ಪ್ರಶ್ನೆ.

ಮೂತ್ರಪಿಂಡದ ಹಾನಿ ಕ್ರಿಯಾಟಿನಿನ್‌ಗಿಂತ ಮೊದಲು ಮೂತ್ರದ ಚೀಲದಲ್ಲಿ ಕಾಣಬಹುದು. ಆರು ಗಂಟೆ ಕಾಲ ಗಂಟೆಗೆ ಕೆ.ಜಿ.ಗೆ 0.5 ಮಿಲಿಗಿಂತ ಕಡಿಮೆ ಮೂತ್ರ, ಅಥವಾ 48 ಗಂಟೆಯಲ್ಲಿ ಕ್ರಿಯಾಟಿನಿನ್ 0.3 ಮಿ.ಗ್ರಾಂ ಏರಿಕೆ ಇದ್ದರೆ ಹಾನಿ ಶುರುವಾಗಿದೆ ಎಂದರ್ಥ. ಆಗ ಕ್ಯಾಥೆಟರ್ ಕಟ್ಟಿಕೊಂಡಿದೆಯೇ ನೋಡಿ, ರಕ್ತದೊತ್ತಡ ಸರಿಪಡಿಸಿ, ಮೂತ್ರಪಿಂಡಕ್ಕೆ ಹಾನಿಮಾಡುವ ಔಷಧಿ ನಿಲ್ಲಿಸಿ, ಉಳಿದವುಗಳ ಪ್ರಮಾಣ ತಿದ್ದಿ. ಮೂತ್ರ ಕಡಿಮೆಯಾಯಿತೆಂದು ಕಣ್ಣುಮುಚ್ಚಿ ದ್ರವ ಸುರಿಯುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಊದಿಕೊಂಡ ಮೂತ್ರಪಿಂಡಕ್ಕೂ ಒದ್ದೆಯಾದ ಶ್ವಾಸಕೋಶಕ್ಕೂ ಅದು ಹೊರೆಯೇ. ಪೊಟ್ಯಾಶಿಯಂ ಏರಿಕೆ, ಮಣಿಯದ ಆಮ್ಲೀಯತೆ, ಉಸಿರುಗಟ್ಟಿಸುವ ದ್ರವದ ಹೊರೆ ಇದ್ದರೆ ಡಯಾಲಿಸಿಸ್ ತಕ್ಷಣ ಬೇಕು. ಅಂಥ ತುರ್ತು ಇಲ್ಲದವರಲ್ಲಿ ಬೇಗ ಶುರುಮಾಡಿದ್ದರಿಂದ 90 ದಿನದ ಸಾವು ಕಡಿಮೆಯಾಗಲಿಲ್ಲವೆಂದು 2020ರ ಸ್ಟಾರ್ಟ್-ಎಕೆಐ ಪ್ರಯೋಗ ತೋರಿಸಿದೆ.

ಸನ್ನಿ ಎಂದ ಕೂಡಲೇ ಕೊಳವೆ ಕಿತ್ತುಕೊಳ್ಳುವ ರೋಗಿ ಕಣ್ಣಮುಂದೆ ಬರುತ್ತಾರೆ. ಆದರೆ ಸುಮ್ಮನೆ ಮಲಗಿ ಛಾವಣಿ ನೋಡುತ್ತಿರುವ, "ತೊಂದರೆ ಕೊಡದ" ರೋಗಿಯಲ್ಲೂ ಸನ್ನಿ ಇರಬಹುದು, ಅದು ತಪ್ಪಿಹೋಗುವುದೇ ಹೆಚ್ಚು. ಸನ್ನಿ ಪತ್ತೆಹಚ್ಚುವ ಕ್ಯಾಮ್-ಐಸಿಯು ಪರೀಕ್ಷೆಯಲ್ಲಿ ಗಮನವನ್ನು ಅಳೆಯಲು ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ, ಗೊತ್ತುಮಾಡಿದ ಅಕ್ಷರ ಬಂದಾಗಲೆಲ್ಲ ಕೈ ಒತ್ತಲು ಹೇಳುತ್ತೇವೆ. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕೆಟ್ಟಿದೆ ಎಂದು ಎಣಿಸಿ ಮುಂದಿನ ಹಂತಕ್ಕೆ ಹೋಗಬೇಕು. ಕನ್ನಡಕ, ಶ್ರವಣಯಂತ್ರ, ರಾತ್ರಿ ಆರಿಸಿದ ದೀಪ, ಹಗಲು ಮನೆಯವರ ದನಿ, ನೋವಿಗೆ ತಕ್ಕ ಔಷಧಿ, ಬೆಂಜೊಡಯಾಜಪೀನ್ ಗುಂಪಿನ ನಿದ್ರೆಯ ಔಷಧಿಗಳ ಕಡಿತ, ಬೇಗ ಎಬ್ಬಿಸಿ ಕೂರಿಸುವುದು, ಇವೇ ಚಿಕಿತ್ಸೆ. ಹ್ಯಾಲೊಪೆರಿಡಾಲ್‌ನಿಂದ ಸನ್ನಿಯ ಅವಧಿ ಕಡಿಮೆಯಾಗದು ಎಂಬುದು 2018ರಲ್ಲೇ ಸ್ಪಷ್ಟವಾಗಿದೆ.

ಉಳಿದವನ್ನು ದಿನವೂ ಒಮ್ಮೆ ನೆನಪಿಸಿಕೊಳ್ಳಲು 2005ರಿಂದ ಬಳಕೆಯಲ್ಲಿರುವ "ಫಾಸ್ಟ್ ಹಗ್" ಪಟ್ಟಿ ಸಾಕು: ಆಹಾರ, ನೋವು, ನಿದ್ರೆಯ ಔಷಧಿ, ರಕ್ತ ಹೆಪ್ಪುಗಟ್ಟದಂತೆ ಮುನ್ನೆಚ್ಚರಿಕೆ, ತಲೆಯ ಎತ್ತರ, ಹೊಟ್ಟೆಹುಣ್ಣಿನ ತಡೆ, ಸಕ್ಕರೆ. ಸಕ್ಕರೆಯನ್ನು ಡೆಸಿಲೀಟರ್‌ಗೆ 81–108 ಮಿ.ಗ್ರಾಂ ಎಂಬ ಬಿಗಿ ಮಿತಿಯಲ್ಲಿಟ್ಟವರಲ್ಲಿ ಸಾವು ಹೆಚ್ಚಿತ್ತೆಂದು 2009ರ ನೈಸ್-ಶುಗರ್ ತಿಳಿಸಿದ ಮೇಲೆ 180ರ ಒಳಗಿದ್ದರೆ ಸಾಕೆಂಬುದು ಒಪ್ಪಿತ. ಬಹುಕಾಲ ಹಸಿದವರಿಗೆ ಆಹಾರ ಶುರುಮಾಡಿದಾಗ ರಕ್ತದ ಫಾಸ್ಫೇಟ್ ಅಪಾಯಕರವಾಗಿ ಕುಸಿಯಬಹುದು, ಅದನ್ನು ನೋಡಲು ಮರೆಯಬೇಡಿ.

ಆರನೇ ಹೆಜ್ಜೆ: ಪ್ರತಿದಿನ ಬೆಳಿಗ್ಗೆ ಎಚ್ಚರಿಸಿ, ಉಸಿರಾಡಿಸಿ ನೋಡುವುದು

ಅಪಸ್ಮಾರ, ಏರಿದ ತಲೆಬುರುಡೆಯ ಒತ್ತಡದಂಥ ಅಡ್ಡಿ ಇಲ್ಲದಿದ್ದರೆ ನಿದ್ರೆಯ ಔಷಧಿ ನಿಲ್ಲಿಸಿ. ರೋಗಿ ಕಣ್ತೆರೆದು, ಆಮ್ಲಜನಕದ ಬೇಡಿಕೆ ಮಿತಿಯಲ್ಲಿದ್ದರೆ, 30 ನಿಮಿಷದಿಂದ ಎರಡು ಗಂಟೆ ಕಡಿಮೆ ನೆರವಿನಲ್ಲಿ ತಾವೇ ಉಸಿರಾಡಲು ಬಿಡಿ. ಉಸಿರಿನ ವೇಗವನ್ನು ಲೀಟರ್‌ನಲ್ಲಿರುವ ಉಸಿರಿನ ಗಾತ್ರದಿಂದ ಭಾಗಿಸಿದಾಗ 105ಕ್ಕಿಂತ ಕಡಿಮೆ ಬಂದರೆ ಆಶಾದಾಯಕ. ಕೊಳವೆ ತೆಗೆಯುವ ಮೊದಲು ಕೆಮ್ಮಿನ ಬಲ, ಕಫದ ಪ್ರಮಾಣ ನೋಡಿ. ಈ ಪರೀಕ್ಷೆಯಲ್ಲಿ ಸೋತರೆ ಅದೂ ಮುನ್ನಂದಾಜಿನ ಭಾಗವೇ: ಸೋತದ್ದು ಹೃದಯದಿಂದಲೋ, ಸ್ನಾಯು ದೌರ್ಬಲ್ಯದಿಂದಲೋ, ದ್ರವದ ಹೊರೆಯಿಂದಲೋ ಎಂದು ಹುಡುಕಿ ಸರಿಪಡಿಸಿ ಮರುದಿನ ಮತ್ತೆ ಪ್ರಯತ್ನಿಸಿ.

ಏಳನೇ ಹೆಜ್ಜೆ: ಮಿದುಳಿನ ವಿಷಯದಲ್ಲಿ ಆತುರಪಡದಿರುವುದು

ಹೃದಯ ನಿಂತು ಮರುಚಾಲನೆಯಾದ ರೋಗಿಯ ಬಗ್ಗೆ ಮರುದಿನವೇ "ಇನ್ನಿಲ್ಲ" ಎಂದುಬಿಟ್ಟರೆ, ಆ ಮಾತನ್ನು ನಂಬಿ ಚಿಕಿತ್ಸೆ ಹಿಂತೆಗೆದು, ಸಾವು ಬಂದ ಮೇಲೆ ಮಾತು ನಿಜವಾಯಿತೆಂದು ಭಾವಿಸುವ ಅಪಾಯವಿದೆ. ನಮ್ಮ ಭವಿಷ್ಯವಾಣಿ ತಾನೇ ತನ್ನನ್ನು ನಿಜಮಾಡಿಕೊಳ್ಳುತ್ತದೆ. ಆದ್ದರಿಂದ ಕನಿಷ್ಠ 72 ಗಂಟೆ ಕಾಯಬೇಕು, ನಿದ್ರೆಯ ಔಷಧಿಯ ಪ್ರಭಾವ ಪೂರ್ತಿ ಇಳಿದಿರಬೇಕು. 2021ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಆಗಲೂ ಪ್ರಜ್ಞೆ ಮರಳದವರಲ್ಲಿ, ಎರಡೂ ಕಣ್ಣುಗಳ ಪಾಪೆ ಮತ್ತು ಕಾರ್ನಿಯಾ ಪ್ರತಿಕ್ರಿಯೆ ಇಲ್ಲದಿರುವುದು, ಎರಡೂ ಕಡೆ ಎನ್-20 ನರತರಂಗ (ಕೈಯ ನರವನ್ನು ಪ್ರಚೋದಿಸಿದಾಗ ಮಿದುಳಿನಲ್ಲಿ ಕಾಣಬೇಕಾದ ಸಂಕೇತ) ಇಲ್ಲದಿರುವುದು, ತೀರಾ ಕೆಟ್ಟ ಇಇಜಿ, ರಕ್ತದಲ್ಲಿ ಎನ್‌ಎಸ್‌ಇ (ಹಾನಿಗೊಂಡ ನರಕೋಶಗಳಿಂದ ಸೋರುವ ಕಿಣ್ವ) ಏರಿಕೆ, ಸ್ಕ್ಯಾನ್‌ನಲ್ಲಿ ವ್ಯಾಪಕ ಹಾನಿ, ಮೊದಲ ಮೂರು ದಿನದಲ್ಲಿ ನಿಲ್ಲದ ಮಯೊಕ್ಲೋನಸ್ (ಸ್ನಾಯುಗಳ ಸೆಳೆತ) ಇವುಗಳಲ್ಲಿ ಕನಿಷ್ಠ ಎರಡು ಕೂಡಿಬಂದರೆ ಮಾತ್ರ ಕೆಟ್ಟ ಫಲಿತಾಂಶ ಬಹುಸಂಭವ ಎನ್ನಬಹುದು. ಲಕ್ಷಣಗಳು ಒಂದಕ್ಕೊಂದು ಹೊಂದದಿದ್ದರೆ ಇನ್ನಷ್ಟು ದಿನ ಕಾಯುವುದೇ ಸರಿ.

ಎಂಟನೇ ಹೆಜ್ಜೆ: ಮನೆಯವರೊಂದಿಗೆ ಮಾತು

ನಿಂತುಕೊಂಡು, ಓಣಿಯಲ್ಲಿ, ಫೋನ್ ಕೈಯಲ್ಲಿ ಹಿಡಿದು ಈ ಮಾತು ಆಡಬಾರದು. ಕುರ್ಚಿ ಎಳೆದು ಕುಳಿತು, ಮೊದಲು ಅವರಿಗೆ ಏನು ತಿಳಿದಿದೆ ಎಂದು ಕೇಳಿ, ಆಮೇಲೆ ಹೇಳಿ. ಶೇಕಡಾವಾರಿಗಿಂತ ಅತಿ ಒಳ್ಳೆಯ, ಅತಿ ಕೆಟ್ಟ ಮತ್ತು ಹೆಚ್ಚು ಸಂಭವನೀಯ ದಾರಿಗಳನ್ನು ವಿವರಿಸುವುದು ಅವರಿಗೆ ಅರ್ಥವಾಗುತ್ತದೆ. "ತಂದೆಯವರ ಶ್ವಾಸಕೋಶ ಸುಧಾರಿಸುತ್ತಿದೆ, ಆದರೆ ರಕ್ತದಲ್ಲಿ ಹೊಸ ತೊಂದರೆ ಕಾಣುತ್ತಿದೆ. ಮೂರು ದಿನ ಎಲ್ಲ ಚಿಕಿತ್ಸೆಯನ್ನೂ ಕೊಡೋಣ. ಗುರುವಾರ ಸಂಜೆ ಇಲ್ಲಿಯೇ ಮತ್ತೆ ಕುಳಿತು, ಯಾವ ಅಂಗ ಎತ್ತ ಸಾಗಿದೆ ಎಂದು ನೋಡಿ ಮುಂದಿನದು ಮಾತಾಡೋಣ" ಎಂಬಂಥ ಮಾತಿನಲ್ಲಿ ಸುಳ್ಳು ಭರವಸೆಯೂ ಇಲ್ಲ, ಬಾಗಿಲು ಮುಚ್ಚಿದ ಕಠೋರತೆಯೂ ಇಲ್ಲ. ಗೊತ್ತುಮಾಡಿದ ಅವಧಿಯ ಚಿಕಿತ್ಸಾ ಪ್ರಯತ್ನ ಎಂದರೆ ಇದೇ. ಹೇಳಿದ ದಿನ ಹೇಳಿದ ಹೊತ್ತಿಗೆ ತಪ್ಪದೆ ಹೋಗಿ. ರೋಗಿ ತಾವೇ ಮಾತಾಡಬಲ್ಲವರಾಗಿದ್ದರೆ ಏನನ್ನು ಬಯಸುತ್ತಿದ್ದರು ಎಂಬ ಪ್ರಶ್ನೆಯನ್ನು ಮನೆಯವರ ಮುಂದಿಡಿ. ನಿರ್ಧಾರದ ಹೊರೆ ಅವರೊಬ್ಬರ ಮೇಲೆ ಬೀಳದಂತೆ ವೈದ್ಯತಂಡದ ಶಿಫಾರಸನ್ನೂ ಸ್ಪಷ್ಟವಾಗಿ ಹೇಳಿ. ಚಿಕಿತ್ಸೆಯ ಗುರಿ ಬದಲಾದರೂ ನೋವು, ಉಬ್ಬಸ, ಆತಂಕಗಳ ಶಮನ ಒಂದು ಗಂಟೆಯೂ ನಿಲ್ಲಬಾರದು.

ಒಂಬತ್ತನೇ ಹೆಜ್ಜೆ: ಘಟಕದಿಂದ ಹೊರಟ ಮೇಲೆ

ವಾರ್ಡ್‌ಗೆ ಕಳಿಸುವ ಚೀಟಿಯಲ್ಲಿ ರೋಗನಿರ್ಣಯ, ಔಷಧಿಗಳ ಜೊತೆಗೆ ಇನ್ನೂ ಕೆಲವು ಸಾಲು ಬರೆಯಿರಿ: ಸನ್ನಿ ಎಷ್ಟು ದಿನ ಇತ್ತು, ನುಂಗಲು ಬರುತ್ತದೆಯೇ, ಕೈಕಾಲುಗಳ ಬಲ ಎಷ್ಟು, ಐಸಿಯುವಿನಲ್ಲಿ ಮಾತ್ರ ಶುರುಮಾಡಿದ ಯಾವ ಔಷಧಿಯನ್ನು ಯಾವಾಗ ನಿಲ್ಲಿಸಬೇಕು. ಸ್ನಾಯು ಬಲದ ಎಂಆರ್‌ಸಿ ಮೊತ್ತ 60ಕ್ಕೆ 48ಕ್ಕಿಂತ ಕಡಿಮೆಯಿದ್ದರೆ ಫಿಸಿಯೋಥೆರಪಿ ಮುಂದುವರಿಯಲೇಬೇಕು. ಬದುಕುಳಿದವರಲ್ಲಿ ದೌರ್ಬಲ್ಯ, ಮರೆವು, ಖಿನ್ನತೆ, ಭಯಾನಕ ಕನಸುಗಳು ತಿಂಗಳುಗಟ್ಟಲೆ ಉಳಿಯಬಹುದು, ನೋಡಿಕೊಂಡ ಮನೆಯವರಲ್ಲೂ ಕಾಣಿಸಿಕೊಳ್ಳಬಹುದು. ಇದು ಐಸಿಯುವಿನ ನಂತರ ಬರುವ, ಹೆಸರುಳ್ಳ ಒಂದು ಕಾಯಿಲೆಯೇ ಹೊರತು ಅವರ ಮನಸ್ಸಿನ ದೌರ್ಬಲ್ಯವಲ್ಲ ಎಂದು ಹೊರಡುವ ಮೊದಲೇ ಹೇಳಿ, ಮರುಭೇಟಿಯ ದಿನಾಂಕವನ್ನು ಅದೇ ಚೀಟಿಯ ಮೇಲೆ ಬರೆದುಕೊಡಿ.